ಪರದೇಶದಲ್ಲಿ ಪತ್ತು

‘ಕ್ರೆಡಿಟ್’ ಎಂಬ ಮಾತು ‘ನಂಬು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ನಮ್ಮ ‘ಪತ್ತು’ ಎಂಬ ಮಾತಿನಲ್ಲಿಯೂ ನಂಬಿಕೆಯೇ ಹಿರಿದು. ಇಂಥವರ ಮಗ, ಇಂಥ ಬೀದಿಯವನು, ಮಾತಿಗೆ ತಪ್ಪದವನು ಎಂಬ ಊರಿನ ಅರಿವೇ ಇಲ್ಲಿ ಜಾಮೀನು. ಅಮೆರಿಕದಲ್ಲಿ ಕೆಲವು ವರ್ಷ ನೆಲೆಸಿದ್ದಾಗ, ಈ ನಂಬಿಕೆಯು ಮನುಷ್ಯನ ಮುಖವನ್ನು ಬಿಟ್ಟು ಕಡತವನ್ನು ಹೊಕ್ಕ ಬಗೆಯನ್ನು ನಾನು ಕಂಡೆ.

ಅಲ್ಲಿ ಕ್ರೆಡಿಟ್ ಕಾರ್ಡು ಕೇಳಿದವನ ಸಂಬಳವೊಂದನ್ನೇ ಬ್ಯಾಂಕು ನೋಡುವುದಿಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ಜನರ ಸಾಲ ಮತ್ತು ತೀರುವಳಿಯ ದಾಖಲೆಯನ್ನು ಇಡುತ್ತವೆ. ಅದರಿಂದ 300ರಿಂದ 850ರವರೆಗಿನ ಒಂದು ಅಂಕ ಹುಟ್ಟುತ್ತದೆ. 1989ರಿಂದ ಬಳಕೆಯಲ್ಲಿರುವ ಫೈಕೋ ಅಂಕದಲ್ಲಿ ನೂರಕ್ಕೆ 35 ಪಾಲು ಸಕಾಲದ ಪಾವತಿಯದು, 30 ಪಾಲು ಬಾಕಿಯ ಪ್ರಮಾಣದ್ದು. ಬಾಡಿಗೆ ಮನೆ, ಕಾರಿನ ಸಾಲ, ಸ್ವಂತ ಮನೆಯ ಸಾಲ, ಎಲ್ಲಕ್ಕೂ ಈ ದಾಖಲೆಯನ್ನೇ ನೋಡುವರು.

ಹೊಸಬನಿಗೆ ಆ ಅಂಕವೇ ಇಲ್ಲ. ಭಾರತದಲ್ಲಿ ಕಾಸೂ ಉಳಿಸದೆ ತೀರಿಸಿದ ಸಾಲ ಸಾಮಾನ್ಯವಾಗಿ ಅಲ್ಲಿನ ಕಡತವನ್ನು ಸೇರುವುದಿಲ್ಲ. ಸಾಲವನ್ನೇ ಮಾಡದೆ ಬಾಳಿದವನನ್ನು ನಾವು ಗೌರವಿಸುತ್ತೇವೆ. ಆ ಕಡತಕ್ಕೆ ಅವನು ಕಾಣಿಸುವುದೇ ಇಲ್ಲ. ನನ್ನ ಮೊದಲ ಅರ್ಜಿಗೆ ಬ್ಯಾಂಕೊಂದು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೆ: ಸಾಲದ ಚರಿತ್ರೆ ಸಾಲದು. ಹುಟ್ಟಿದ ದೇಶದ ಕಾರಣದಿಂದ ಅರ್ಜಿಯನ್ನು ತಳ್ಳುವುದನ್ನು ಅಲ್ಲಿನ ಕಾನೂನಿನ 1976ರ ತಿದ್ದುಪಡಿ ನಿಷೇಧಿಸಿದೆ. ಆದರೆ ಅರ್ಜಿದಾರನು ಎಷ್ಟು ಕಾಲ, ಯಾವ ಅನುಮತಿಯ ಮೇಲೆ ಅಲ್ಲಿರುವನೆಂಬುದನ್ನು ಬ್ಯಾಂಕು ಪರಿಶೀಲಿಸಬಹುದು.

ದಾರಿಯಿಲ್ಲದೆ ಇಲ್ಲ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರಿಂದ ಕೆಲವು ಬ್ಯಾಂಕುಗಳು ತೆರಿಗೆ ಸಂಖ್ಯೆಯನ್ನು ಒಪ್ಪುತ್ತವೆ. ಠೇವಣಿಯ ಆಧಾರದ ಕಾರ್ಡೂ ಉಂಟು: 200 ಡಾಲರ್ ಇಟ್ಟರೆ ಸಾಮಾನ್ಯವಾಗಿ ಅಷ್ಟೇ ಮಿತಿಯ ಕಾರ್ಡು. ಮೂರೂ ಸಂಸ್ಥೆಗಳಿಗೆ ವರದಿಮಾಡುವ ಬ್ಯಾಂಕನ್ನೇ ಆರಿಸಬೇಕು. ಲೆಕ್ಕ ಆರು ತಿಂಗಳು ನಡೆದ ಮೇಲೆ ಅಂಕ ಮೂಡುತ್ತದೆ. ಬಾಕಿ ಉಳಿಸಿ ಬಡ್ಡಿ ತೆತ್ತರೆ ಅಂಕ ಏರುವುದೆಂಬ ಮಾತು ಅಲ್ಲಿ ಹರಡಿದೆ, ಅದು ಸುಳ್ಳು. ವರ್ಷಕ್ಕೆ ನೂರಕ್ಕೆ ಇಪ್ಪತ್ತನ್ನು ಮೀರುವ ಬಡ್ಡಿ ಅಲ್ಲಿ ಸಾಮಾನ್ಯ.

ಸಾಲಕ್ಕೆ ಅಂಜುವಂತೆ ಮಕ್ಕಳನ್ನು ಬೆಳೆಸಿದ ತಂದೆತಾಯಿಗಳು ಆ ಪಾಠವನ್ನು ಹಿಂದೆಗೆದುಕೊಳ್ಳಬೇಕಾಗಿಲ್ಲ. ಹಾಲಿನವನೊಡನೆ ವರ್ತನೆ ಇಟ್ಟುಕೊಂಡು, ತಿಂಗಳು ತುಂಬಿದೊಡನೆ ಪೂರ್ತಿ ಲೆಕ್ಕ ಚುಕ್ತಾ ಮಾಡುವ ನಮ್ಮ ಮನೆಗಳ ಹಳೆಯ ಶಿಸ್ತೇ ಅಲ್ಲಿಯೂ ಸಾಕು.