ಸಣ್ಣ ಸೀಳಿನೊಳಗೆ ಕವಾಟದ ಗಂಟು ಬಿಗಿಯುವುದು ಹೇಗೆ?

ಹೃದಯದ ಕವಾಟ (ವಾಲ್ವ್) ಬದಲಿಸಬೇಕು ಎಂದು ವೈದ್ಯರು ಹೇಳಿದಾಗ ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಕಲಬುರಗಿಯ ಇಲ್ಲವೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುವವರಿದ್ದಾರೆ. ಚಿಕ್ಕಂದಿನ ಗಂಟಲುಬೇನೆಯ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವೇ ನಮ್ಮಲ್ಲಿ ಕವಾಟ ಕೆಡಲು ದೊಡ್ಡ ಕಾರಣ. ‘ಎದೆಮೂಳೆ ಸೀಳದೆ, ಪಕ್ಕೆಯಲ್ಲಿ ಸಣ್ಣ ಗಾಯ ಮಾಡಿ ಆಪರೇಷನ್ ಆಗುತ್ತದೆಯೇ’ ಎಂದು ಮನೆಯವರು ಕೇಳುವುದು ಸಹಜ. ಆ ಸಣ್ಣ ಗಾಯದೊಳಗೆ ಕಷ್ಟದ ಕೆಲಸವೆಂದರೆ ಗಂಟು ಹಾಕುವುದು.

ಹೃದಯ ನಿಲ್ಲಿಸಿ, ರಕ್ತವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ತಿರುಗಿಸಿ, ಕೆಟ್ಟ ಕವಾಟ ತೆಗೆದ ಜಾಗದ ಸುತ್ತ 12ರಿಂದ 18 ಹೊಲಿಗೆ ಹಾಕುತ್ತಾರೆ. ದಾರದ ತುದಿಗಳನ್ನು ಹೊಸ ಕವಾಟದ ಬಟ್ಟೆಯ ಅಂಚಿನಲ್ಲಿ ತೂರಿಸಿ, ಕವಾಟವನ್ನು ಕೆಳಗಿಳಿಸಿ ಬಿಗಿಯುತ್ತಾರೆ. ಸಡಿಲ ಬಿಟ್ಟರೆ ಅಂಚಿನಲ್ಲಿ ರಕ್ತ ಸೋರುತ್ತದೆ. ಅತಿಯಾಗಿ ಎಳೆದರೆ ಅಂಗಾಂಶ ಹರಿಯುತ್ತದೆ. ಹೀಗೆ ಬಿಗಿಯುವ ವಿಧಾನಗಳು ಹಲವು.

ಕೈಗಂಟು: ಎದೆ ತೆರೆದಾಗ ಬೆರಳು ನೇರವಾಗಿ ತಲುಪುತ್ತದೆ. ಪ್ರತಿ ಹೊಲಿಗೆಗೆ ಆರು ಸುತ್ತು ಎಂದರೂ 15 ಹೊಲಿಗೆಗೆ 90 ಸುತ್ತು. ಬಿಗಿ ಎಷ್ಟೆಂದು ಬೆರಳಿಗೇ ತಿಳಿಯುತ್ತದೆ. ಬೇರೆ ಸಾಧನದ ಖರ್ಚಿಲ್ಲ.

ನಾಟ್ ಪುಶರ್: ಐದಾರು ಸೆಂಟಿಮೀಟರ್ ಗಾಯದಲ್ಲಿ ಬೆರಳು ಆಳಕ್ಕೆ ಹೋಗದು. ಹೊರಗೆ ಕಟ್ಟಿದ ಪ್ರತಿ ಸುತ್ತನ್ನೂ ಉದ್ದನೆಯ ಕಡ್ಡಿಯಂಥ ಉಪಕರಣದಿಂದ ಒಳಕ್ಕೆ ತಳ್ಳುತ್ತಾರೆ. ಖರ್ಚು ಕಡಿಮೆ. ಆದರೆ ಹೊತ್ತು ಹಿಡಿಯುತ್ತದೆ, ನುರಿತ ಕೈಯೂ ಬೇಕು.

ಟೈಟಾನಿಯಂ ಕ್ಲಿಪ್: ಕಾರ್-ನಾಟ್‌ನಂಥ ಸಾಧನ ಎರಡೂ ದಾರಗಳ ಮೇಲೆ ಪುಟ್ಟ ಲೋಹದ ಕೊಳವೆಯನ್ನು ಅಮುಕಿ, ಉಳಿದ ದಾರವನ್ನು ಕತ್ತರಿಸುತ್ತದೆ. ಬಿಗಿ ಎಲ್ಲ ಕಡೆ ಒಂದೇ ಸಮ, ಹೃದಯ ನಿಂತಿರುವ ಅವಧಿಯೂ ಕಡಿಮೆಯಾಗುತ್ತದೆ. ಆದರೆ ಬೆಲೆ ಹೆಚ್ಚು. ಕ್ಲಿಪ್ ತಪ್ಪು ದಿಕ್ಕಿಗೆ ವಾಲಿ ಕವಾಟದ ಎಸಳಿಗೆ ತೂತು ಬಿದ್ದ ಪ್ರಕರಣಗಳೂ ವರದಿಯಾಗಿವೆ.

ಸಾಲು ಹೊಲಿಗೆ: ಉದ್ದ ದಾರದಲ್ಲಿ ಸುತ್ತಲೂ ಹೊಲಿದು ಎರಡು-ಮೂರು ಗಂಟಿನಲ್ಲಿ ಮುಗಿಸುವ ವಿಧಾನ. ಬೇಗ ಆಗುತ್ತದೆ. ಆದರೆ ಅಕ್ಕಿ ಚೀಲದ ಹೊಲಿಗೆ ಒಂದೆಡೆ ಬಿಚ್ಚಿದರೆ ಸಾಲೇ ಸಡಿಲಾಗುವ ಹಾಗೆ, ಇಲ್ಲಿ ಒಂದು ದಾರ ಸಡಿಲವಾದರೆ ಸೋರುವ ಜಾಗ ಅಗಲವಾಗುತ್ತದೆ.

ವಿಧಾನ ಯಾವುದೇ ಇರಲಿ, ಉಳಿದ ದಾರದ ತುದಿಯನ್ನು ಗಿಡ್ಡವಾಗಿ ಕತ್ತರಿಸಲೇಬೇಕು. ಉದ್ದ ತುದಿ ಲೋಹದ ಕವಾಟದ ಬಿಲ್ಲೆಗೆ ಅಡ್ಡ ಬಂದರೆ ಅದು ಪೂರ್ತಿ ಮುಚ್ಚುವುದಿಲ್ಲ. ಹೃದಯ ಮತ್ತೆ ಬಡಿಯಲಾರಂಭಿಸಿದ ಮೇಲೆ ಅನ್ನನಾಳದ ಮೂಲಕ ಎಕೋ ಮಾಡಿ ಸೋರಿಕೆ ಇದೆಯೇ ಎಂದು ನೋಡುತ್ತಾರೆ.

ಹಾಗಾಗಿ ಗಾಯ ಎಷ್ಟು ಚಿಕ್ಕದು ಎಂಬುದೊಂದನ್ನೇ ಕೇಳಬೇಡಿ. ನಮ್ಮ ರೋಗಿಗೆ ಸಣ್ಣ ಸೀಳು ಸರಿಹೊಂದುತ್ತದೆಯೇ, ಈ ವಿಧಾನದಲ್ಲಿ ನಿಮಗೆಷ್ಟು ಅನುಭವವಿದೆ, ಕ್ಲಿಪ್ ಬಳಸಿದರೆ ಅದರ ವೆಚ್ಚ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಪ್ಯಾಕೇಜಿನೊಳಗೆ ಬರುತ್ತದೆಯೇ ಎಂದು ವೈದ್ಯರನ್ನು ಬಿಚ್ಚುಮನಸ್ಸಿನಿಂದ ಕೇಳಿ. ಚೆನ್ನಾಗಿ ಕೂತ ಕೈಗಂಟು ಯಾವ ದುಬಾರಿ ಕ್ಲಿಪ್ಪಿಗೂ ಕಡಿಮೆಯಲ್ಲ.

ಊರಿಗೆ ಮರಳಿದ ಮೇಲೆ, ಲೋಹದ ಕವಾಟವಾಗಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಜೀವನಪೂರ್ತಿ ಬೇಕು. ಬಿತ್ತನೆ, ಸುಗ್ಗಿ ಎಂದು ಅದನ್ನು ಬಿಡಬೇಡಿ. ವೈದ್ಯರು ಹೇಳಿದ ದಿನಕ್ಕೆ ಪಿಟಿ-ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿ, ಚೀಟಿಯನ್ನು ಜೋಪಾನವಾಗಿಡಿ.