ಗೋಶಾಲೆಗೆ ನಿಲ್ಲುವ ನೆಲೆ

ಮುಪ್ಪಾದ, ಕುಂಟಾದ, ಒಡೆಯರಿಲ್ಲದ ರಾಸುಗಳನ್ನು ಸಾಕುವುದು ಪುಣ್ಯಕಾರ್ಯವೆಂಬುದನ್ನು ನಮ್ಮ ಗ್ರಾಮಸ್ಥರಿಗೆ ಯಾರೂ ಬೋಧಿಸಬೇಕಾಗಿಲ್ಲ. ಆದರೆ ಪುಣ್ಯಕಾರ್ಯಕ್ಕೂ ನಿಲ್ಲಲು ಭೂಮಿ ಬೇಕು. ಈ ವಿಷಯದಲ್ಲಿ ಗ್ರಾಮದ ಮುಖಂಡರೂ ಜಮೀನುದಾರರೂ ಆಲೋಚಿಸತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನನ್ನ ಸರ್ಕೀಟಿನ ಒಂದು ಹೋಬಳಿಯಲ್ಲಿ ಊರವರೇ ಸೇರಿ ನಡೆಯಿಸುವ ಗೋಶಾಲೆಯೊಂದುಂಟು. ಅಲ್ಲಿ ಸುಮಾರು ೬೦ ರಾಸುಗಳಿವೆ. ಮೊದಲು ಇದು ಒಣಗಿದ ಕೆರೆಯ ಅಂಗಳದಲ್ಲಿ ಆರಂಭವಾಯಿತು. ಒಳ್ಳೆಯ ಮಳೆಯಾದ ವರ್ಷ ಕೆರೆ ತುಂಬಲು, ರಾತ್ರೋರಾತ್ರಿ ದನಗಳನ್ನು ಏರಿಯ ಮೇಲಕ್ಕೆ ಹೊಡೆಯಬೇಕಾಯಿತು. ಆಮೇಲೆ ದೇವಸ್ಥಾನದ ತೋಪಿಗೆ ಹೋಯಿತು. ಜಾತ್ರೆ ಬಂದಾಗ ಅದನ್ನೂ ತೆರವು ಮಾಡಬೇಕಾಯಿತು. ಮೂರನೆಯದಾಗಿ ಜಮೀನುದಾರರೊಬ್ಬರು ತಮ್ಮ ಮಾವಿನ ತೋಪನ್ನು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟರು. ಅವರು ಕಾಲವಾದ ಮೇಲೆ ತೋಪು ಮಕ್ಕಳಿಗೆ ಪಾಲಾಯಿತು. ಬರುವ ಯುಗಾದಿಯೊಳಗಾಗಿ ಅದನ್ನು ಬಿಟ್ಟುಕೊಡಬೇಕೆಂದು ಅವರು ತಿಳಿಸಿದ್ದಾರೆ. ಅದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ತಂದೆಯ ಮಾತು ಯಾವ ಕಾಗದದಲ್ಲಿಯೂ ಇರಲಿಲ್ಲ.

ಪ್ರತಿ ಸಲವೂ ಕೊಟ್ಟಿಗೆಯ ತಗಡು ತೊಲೆಗಳನ್ನು ಕಿತ್ತು ಗಾಡಿಗೆ ಹೇರಿದ್ದಷ್ಟೇ ನಷ್ಟವಲ್ಲ. ನಾಳೆ ಬಿಡಬೇಕಾದ ಜಾಗದಲ್ಲಿ ಬಾವಿ ತೋಡುವವರಾರು? ಮೇವಿನ ಹುಲ್ಲು ನೆಡುವವರಾರು? ಆದುದರಿಂದ ಮೇವೆಲ್ಲವೂ ಕ್ರಯಕ್ಕೆ ಬರುತ್ತಿದೆ. ಗುಂಡಿಯಿಲ್ಲದೆ ಗೊಬ್ಬರವು ಬಿಸಿಲಿಗೆ ಒಣಗಿ ಮಳೆಗೆ ಕೊಚ್ಚಿಹೋಗುತ್ತಿದೆ. ಅಲ್ಲಿಯ ಮೇಲ್ವಿಚಾರಕರಾದ ವೃದ್ಧರು ನನ್ನೊಡನೆ, "ಸ್ವಾಮಿ, ದನಕ್ಕೆ ಒಂದು ಹೊರೆ ಹುಲ್ಲು ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ, ಗೂಟ ಹೊಡೆಯುವುದಕ್ಕೆ ಜಾಗ ಕೊಡುವವರಿಲ್ಲ" ಎಂದರು.

ಬಹುಕಾಲ ಬಾಳಿದ ಸಂಸ್ಥೆಗಳನ್ನು ನೋಡಿದರೆ ಈ ಮಾತಿನ ಸತ್ಯವು ತಿಳಿಯುವುದು. ಸರ್ ಜಮಶೇಟ್‌ಜೀ ಜೀಜೀಭಾಯಿ, ಮೋತಿಚಂದ್ ಅಮೀಚಂದ್ ಮೊದಲಾದ ವರ್ತಕರು ೧೮೩೪ರಲ್ಲಿ ಸ್ಥಾಪಿಸಿದ ಮುಂಬಯಿಯ ಪಿಂಜರಾಪೋಲು ಭುಲೇಶ್ವರದ ತನ್ನ ಸ್ಥಳದಲ್ಲಿಯೇ ಇಂದಿಗೂ ಇದೆ. ಮೈಸೂರಿನ ಪಿಂಜರಾಪೋಲ್ ಸೊಸೈಟಿಯು ೧೮೯೭ರಿಂದ ಬಾಳಿಬಂದು, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ನೆಲೆಗೊಂಡಿದೆ. ಇದಕ್ಕೆ ವಿರುದ್ಧವಾದ ಪಾಠವೂ ನಮ್ಮಲ್ಲುಂಟು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಮುಂದೆ ಅಮೃತಮಹಲ್ ಎನಿಸಿತು. ಅದಕ್ಕೆ ಒಂದು ಕಾಲದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕ ಕಾವಲುಗಳಿದ್ದುವು. ಈಗ ಉಳಿದಿರುವುದು ಅಲ್ಪಭಾಗ. ಅರಸರು ಬಿಟ್ಟ ಭೂಮಿಯೇ ಹೀಗೆ ಕರಗಿದ ಮೇಲೆ ಬಾಯಿಮಾತಿನ ಭೂಮಿಯ ಪಾಡೇನು?

ಇನ್ನು ಬೇಕಾದ ವಿಸ್ತೀರ್ಣದ ಲೆಕ್ಕ. ರಾಸೊಂದಕ್ಕೆ ಸೂರಿನ ಕೆಳಗೆ ೪೦ ಚದರಡಿ, ಬಯಲಿನಲ್ಲಿ ೮೦ ಚದರಡಿ ಬಿಟ್ಟರೆ ೬೦ ರಾಸುಗಳಿಗೆ ಏಳು ಗುಂಟೆ ಸಾಕು. ದಿನಕ್ಕೆ ತಲೆಗೆ ೧೦ ಕಿಲೋ ಹಸುರು ಮೇವಿನಂತೆ ವರ್ಷಕ್ಕೆ ೨೧೯ ಟನ್ನು ಬೇಕಾಗುವುದು. ನೀರಾವರಿಯಲ್ಲಿ ಚೆನ್ನಾಗಿ ಗೊಬ್ಬರ ಹಾಕಿ ನೇಪಿಯರ್ ಹುಲ್ಲನ್ನು ಬೆಳೆದರೆ ಮೂರೆಕರೆಯಲ್ಲಿ ಇಷ್ಟು ದೊರೆಯುವುದು. ಕುಡಿಯುವ ನೀರು ತಲೆಗೆ ೪೦ ಲೀಟರಿನಂತೆ ದಿನಕ್ಕೆ ೨,೪೦೦ ಲೀಟರು. ಹೊಸದಾಗಿ ಬಂದ ರಾಸನ್ನು ಮೂರು ವಾರ ಬೇರೆ ಕಟ್ಟಲು ದೂರದಲ್ಲೊಂದು ಕೊಟ್ಟಿಗೆಯೂ ಬೇಕು. ೨೦೨೨ರಲ್ಲಿ ಹಬ್ಬಿದ ಚರ್ಮಗಂಟು ರೋಗವನ್ನು ಕಂಡವರಿಗೆ ಇದರ ಅವಶ್ಯಕತೆಯನ್ನು ಹೇಳಬೇಕಾಗಿಲ್ಲ. ಹುಲ್ಲಿನ ಬಣವೆ, ಗೊಬ್ಬರದ ಗುಂಡಿ ಸೇರಿ ಒಟ್ಟು ಐದೆಕರೆಯಲ್ಲಿ ಎಲ್ಲವೂ ಅಡಗುವುದು. ಒಣಹುಲ್ಲನ್ನು ಮಾತ್ರ ಊರಿನ ಕಣಗಳಿಂದ ಕೂಡಿಸಬೇಕು.

ಸ್ಥಳವನ್ನು ಗೊತ್ತುಮಾಡುವಾಗ ಈ ಕೆಳಗಿನ ಅಂಶಗಳನ್ನು ಮರೆಯಬಾರದು:

೧. ಕೆರೆಯ ಅಂಗಳ, ಹಳ್ಳದ ದಡಗಳನ್ನು ಆರಿಸಲೇಬಾರದು.

೨. ಗೋಮಾಳದ ಮೇಲೆ ಕಣ್ಣಿಡುವ ಮೊದಲು ಊರಿನ ದನಗಳನ್ನು ಎಣಿಸತಕ್ಕದ್ದು. ೧೯೬೬ರ ಭೂಕಂದಾಯ ನಿಯಮಗಳ ಮೇರೆಗೆ ನೂರು ದನಗಳಿಗೆ ೩೦ ಎಕರೆ ಗೋಮಾಳವಿರಬೇಕು. ಅಷ್ಟಿಲ್ಲದ ಊರಿನಲ್ಲಿ ಅದನ್ನು ಬೇಲಿ ಹಾಕಿ ತೆಗೆದುಕೊಂಡರೆ ದುಡಿಯುವ ಎತ್ತಿನ ಮೇವನ್ನು ಕಿತ್ತು ಮುದಿ ಎತ್ತಿಗೆ ಹಾಕಿದಂತಾಗುವುದು.

೩. ನಮ್ಮ ಭೂಸುಧಾರಣಾ ಕಾಯಿದೆಯು ವ್ಯವಸಾಯದ ಜಮೀನನ್ನು ಗೇಣಿಗೆ ಕೊಡುವುದನ್ನು ನಿರ್ಬಂಧಿಸಿರುವುದರಿಂದ, ಗೇಣಿಯ ಕರಾರನ್ನು ನಂಬಿ ಕೊಟ್ಟಿಗೆ ಕಟ್ಟಬಾರದು. ದಾನವಾಗಿ ಕೊಡುವುದಾದರೆ ಇಬ್ಬರು ಸಾಕ್ಷಿಗಳ ರುಜುವಿನೊಡನೆ ದಾನಪತ್ರವನ್ನು ರಿಜಿಸ್ಟರು ಮಾಡಿಸತಕ್ಕದ್ದು. ಸಂಸ್ಥೆಯ ಹೆಸರಿನಲ್ಲಿ ಜಮೀನು ನಿಲ್ಲುವ ಬಗೆಯನ್ನು ತಹಶೀಲ್ದಾರರಲ್ಲಿ ಮೊದಲೇ ವಿಚಾರಿಸಬೇಕು.

೪. ಪತ್ರವಾದ ಕೂಡಲೇ ಅಳತೆ ಮಾಡಿಸಿ, ಎಲ್ಲೆಕಲ್ಲುಗಳನ್ನು ನೆಡಿಸಿ, ಪಹಣಿಯಲ್ಲಿ ಹೆಸರು ಬಂದಿದೆಯೇ ಎಂಬುದನ್ನು ನೋಡಬೇಕು.

ಭೂಮಿ ಕೊಟ್ಟ ಊರಿಗೆ ಪ್ರತಿಫಲವಿಲ್ಲದೆ ಇಲ್ಲ. ರಾಸೊಂದರಿಂದ ದಿನಕ್ಕೆ ೧೦ ಕಿಲೋ ಸಗಣಿಯೆಂದರೂ ವರ್ಷಕ್ಕೆ ೨೦೦ ಟನ್ನಿಗೆ ಮಿಕ್ಕುವುದು. ಇದನ್ನು ಗಂಜಲ, ಕಸಕಡ್ಡಿಗಳೊಡನೆ ನೆರಳಿನ ಗುಂಡಿಯಲ್ಲಿ ಕೊಳೆಯಿಸಿದರೆ ಗೋಶಾಲೆಯ ಹುಲ್ಲಿಗೆ ಬೇಕಾದಷ್ಟು ಮಿಕ್ಕು, ಉಳಿದುದನ್ನು ರೈತರಿಗೆ ಮಾರಿ ಆಳುಗಳ ಸಂಬಳಕ್ಕೆ ನೆರವು ಪಡೆಯಬಹುದು.

ಮೇಲೆ ಹೇಳಿದ ಗೋಶಾಲೆಗೆ ಈಗ ಇಬ್ಬರು ಹಿಡುವಳಿದಾರರು ತಮ್ಮ ಪಕ್ಕಪಕ್ಕದ ಹೊಲಗಳಿಂದ ಐದೆಕರೆಯನ್ನು ಕೊಡುವುದಾಗಿ ಸಭೆಯಲ್ಲಿ ಒಪ್ಪಿರುವರು. ಬಾವಿಗೆ ಜಾಗವನ್ನೂ ಗುರುತಿಸಿದ್ದಾಗಿದೆ. ಪತ್ರ ಮಾತ್ರ ಇನ್ನೂ ಆಗಿಲ್ಲ, ಯುಗಾದಿಯು ದೂರವಿಲ್ಲ. ಮಾತು ಕೊಟ್ಟ ಮಹನೀಯರು ತಡಮಾಡದೆ ಸಬ್ ರಿಜಿಸ್ಟ್ರಾರರ ಕಚೇರಿಗೆ ದಯಮಾಡಿಸಬೇಕೆಂದೂ, ಇತರ ಗ್ರಾಮಗಳ ಮುಖಂಡರು ತಮ್ಮಲ್ಲಿಯ ಗೋಶಾಲೆಯು ಯಾರ ಜಮೀನಿನಲ್ಲಿ, ಯಾವ ಪತ್ರದ ಆಧಾರದ ಮೇಲೆ ನಿಂತಿದೆಯೆಂಬುದನ್ನು ಈ ತಿಂಗಳೊಳಗೆ ಪರೀಕ್ಷಿಸಬೇಕೆಂದೂ ವಿಜ್ಞಾಪಿಸಿಕೊಳ್ಳುತ್ತೇನೆ.