ಎರಡು ಗಂಟೆಗೊಮ್ಮೆ ಮಗ್ಗುಲು

ಹಾಸಿಗೆ ಹಿಡಿದ ರೋಗಿಯ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು. ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿ-ನೆರೂಳ್‌ವರೆಗೆ, ನರ್ಸಿಂಗ್ ಓದಿದ ಯಾರನ್ನೇ ಕೇಳಿದರೂ ಮೊದಲು ಬರುವ ಉತ್ತರ ಇದು. ಲಕ್ವ ಹೊಡೆದವರು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು, ದಿವಾ-ಮುಂಬ್ರಾ ನಡುವೆ ತುಂಬಿದ ಲೋಕಲ್‌ನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಹುಡುಗರು, ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರು, ಎಲ್ಲರಿಗೂ ಇದೇ ನಿಯಮ. ಆದರೂ ಹಾಸಿಗೆ ಹುಣ್ಣು ಬರುತ್ತಲೇ ಇದೆ. ಬಂದಾಗ ಮನೆಯವರು ವಯಸ್ಸನ್ನೋ ಸಕ್ಕರೆ ಕಾಯಿಲೆಯನ್ನೋ ಹಣೆಬರಹವನ್ನೋ ದೂರುತ್ತಾರೆ. ಆಸ್ಪತ್ರೆಯ ಕಡೆಯಿಂದ ‘ಬರುವಾಗಲೇ ಇತ್ತು’ ಎಂಬ ಉತ್ತರ ಬರುತ್ತದೆ. ಈ ನಿಯಮ ಎಲ್ಲಿ ಹುಟ್ಟಿತು, ಯಾರ ಕೈಗಳನ್ನು ನಂಬಿಕೊಂಡು ಹುಟ್ಟಿತು ಎಂದು ಹಿಂದಕ್ಕೆ ಹೋಗಿ ನೋಡಿದರೆ, ಇಲ್ಲಿ ಅದು ಯಾಕೆ ನಿಲ್ಲುತ್ತಿಲ್ಲ ಎಂಬುದೂ ಗೊತ್ತಾಗುತ್ತದೆ.

ಹುಣ್ಣಿಗೆ ಯಾರು ಹೊಣೆ ಎಂಬ ಜಗಳ ಹತ್ತೊಂಬತ್ತನೇ ಶತಮಾನದ್ದು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ, ಹಾಸಿಗೆ ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಆರೈಕೆಯದ್ದು ಎಂಬ ನಿಲುವು ತಳೆದರು. ಪ್ಯಾರಿಸ್‌ನ ದೊಡ್ಡ ನರರೋಗ ತಜ್ಞ ಷಾರ್ಕೋ ಇದಕ್ಕೆ ತದ್ವಿರುದ್ಧ. ನರಕ್ಕೆ ಪೆಟ್ಟಾದ ಮೇಲೆ ಚರ್ಮ ತಾನಾಗಿಯೇ ಕೊಳೆಯುತ್ತದೆ, ಪಾರ್ಶ್ವವಾಯು ಬಡಿದವನ ಪೃಷ್ಠದಲ್ಲಿ ಹುಣ್ಣು ಕಂಡರೆ ಅದು ಸಾವಿನ ಮುನ್ಸೂಚನೆ ಎಂದು ಆತ ಬೋಧಿಸಿದ. ವಿಚಿತ್ರವೆಂದರೆ, ಅದಕ್ಕೂ ಮೊದಲೇ ಬ್ರೌನ್-ಸೆಕಾರ್ ಎಂಬ ವಿಜ್ಞಾನಿ ಬೆನ್ನುಹುರಿ ಕತ್ತರಿಸಿದ ಪ್ರಾಣಿಗಳನ್ನು ಒತ್ತು ಬೀಳದಂತೆ, ಮೂತ್ರದಲ್ಲಿ ನೆನೆಯದಂತೆ ನೋಡಿಕೊಂಡರೆ ಹುಣ್ಣು ಬರುವುದಿಲ್ಲ ಎಂದು ತೋರಿಸಿದ್ದ. ಆದರೆ ಗೆದ್ದದ್ದು ಷಾರ್ಕೋನ ಮಾತು. ಗೆದ್ದದ್ದು ಸಹಜವೂ ಹೌದು. ಹುಣ್ಣು ನರದ ಕೆಲಸ ಎಂದುಬಿಟ್ಟರೆ ವೈದ್ಯರಿಗೂ ಆರೈಕೆಯವರಿಗೂ ರಾತ್ರಿ ಎದ್ದು ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿ ತುಂಡಾದ ಸೈನಿಕರಲ್ಲಿ ಬಹುಪಾಲು ಜನ ಹುಣ್ಣಿನ ನಂಜಿಗೋ ಮೂತ್ರದ ಸೋಂಕಿಗೋ ಬಲಿಯಾದರು. ಅದನ್ನು ಯಾರೂ ಆರೈಕೆಯ ಸೋಲೆಂದು ಎಣಿಸಲಿಲ್ಲ.

ಆ ನಂಬಿಕೆ ಮುರಿದು ಬಿದ್ದದ್ದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ. ಹಿಟ್ಲರನ ಜರ್ಮನಿಯಿಂದ 1939ರಲ್ಲಿ ತಪ್ಪಿಸಿಕೊಂಡು ಬಂದಿದ್ದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ 1944ರ ಫೆಬ್ರವರಿ 1ರಂದು ಅಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ತೆರೆದ. ಹೊಸ ಔಷಧವನ್ನೇನೂ ಆತ ಕಂಡುಹಿಡಿದಿರಲಿಲ್ಲ. ಹಗಲಿರುಳೂ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬನನ್ನೂ ಮಗ್ಗುಲು ತಿರುಗಿಸಬೇಕು ಎಂಬುದು ಅವನ ಕಟ್ಟಪ್ಪಣೆ. ಅದು ನಡೆಯುತ್ತಿದೆಯೇ ಎಂದು ನೋಡಲು ಅಪರಾತ್ರಿಯಲ್ಲಿ ತಾನೇ ವಾರ್ಡಿಗೆ ಬಂದು ನಿಲ್ಲುತ್ತಿದ್ದ. ಕೆಲವೇ ತಿಂಗಳಲ್ಲಿ ಸಾಯುತ್ತಾರೆ ಎಂದು ಕೈಬಿಟ್ಟವರು ಬದುಕಿದರು. 1948ರ ಜುಲೈ 29ರಂದು ಅವರಲ್ಲಿ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯ ಕುಷ್ಠರೋಗಿಗಳ ಅಂಗಾಲನ್ನು ನೋಡಿ ಇದೇ ತೀರ್ಮಾನಕ್ಕೆ ಬಂದಿದ್ದರು. ಕಾಲು ಹುಣ್ಣಾಗುವುದು ಕುಷ್ಠ ಕೊರೆಯುವುದರಿಂದ ಅಲ್ಲ, ನೋವೇ ಗೊತ್ತಾಗದ ಕಾಲಿನ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಒತ್ತು ಬೀಳುವುದರಿಂದ. ಮಲಗಿದ ಆರೋಗ್ಯವಂತ ನಿದ್ದೆಯಲ್ಲೂ ಹೊರಳುತ್ತಾನೆ. ಹೊರಳಲಾಗದವನನ್ನು ಇನ್ನೊಬ್ಬರು ಹೊರಳಿಸಬೇಕು. ಗುಟ್‌ಮನ್‌ನ ಇಡೀ ಕ್ರಾಂತಿ ಇಷ್ಟೇ.

ವಿಜ್ಞಾನ ನಿಯಮದ ಹಿಂದಿನಿಂದ ಬಂತು. ಮೈಕೆಲ್ ಕೊಸಿಯಾಕ್ 1959ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ 70 ಮಿ.ಮೀ. ಪಾದರಸದಷ್ಟು ಒತ್ತಡ ಎರಡು ಗಂಟೆಗೂ ಮೀರಿ ಎಡೆಬಿಡದೆ ಬಿದ್ದರೆ ಅಂಗಾಂಶ ಮತ್ತೆ ಚೇತರಿಸಿಕೊಳ್ಳುವುದಿಲ್ಲ ಎಂದು ಕಂಡುಬಂತು. ನೀರಿನ ಪೈಪಿನ ಮೇಲೆ ಕಾಲಿಟ್ಟ ಹಾಗೆ, ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಮೊದಲು ಸಾಯುವುದು ಅನೇಕ ಸಲ ಚರ್ಮವಲ್ಲ, ಮೂಳೆಗೆ ಅಂಟಿದ ಸ್ನಾಯು. ಹಾಗಾಗಿಯೇ ಮೇಲೆ ಅಂಗೈಯಗಲ ಕಪ್ಪಾದ ಚರ್ಮ ಕಂಡು ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಒಳಗೆ ಮುಷ್ಟಿ ಹಿಡಿಸುವಷ್ಟು ಗುಂಡಿ ತೆರೆದುಕೊಳ್ಳುತ್ತದೆ. 1962ರಲ್ಲಿ ಲಂಡನ್ನಿನ ನರ್ಸ್ ಡೋರೀನ್ ನಾರ್ಟನ್ ಮತ್ತು ಜೊತೆಗಾರರು ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಮೊದಲೇ ಅಂಕ ಕೊಟ್ಟು ಹೇಳುವ ವಿಧಾನ ರೂಪಿಸಿದರು. 1987ರಲ್ಲಿ ಬಾರ್ಬರಾ ಬ್ರೇಡನ್, ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಅವರ ಅಳತೆಗೋಲು ಬಂತು. ಸ್ಪರ್ಶಜ್ಞಾನ, ತೇವ, ಓಡಾಟ, ಹೊರಳುವ ಶಕ್ತಿ, ಊಟ, ಹಾಸಿಗೆಯ ಮೇಲೆ ಉಜ್ಜಿ ಜಾರುವುದು, ಈ ಆರಕ್ಕೂ ಅಂಕ ಹಾಕಿ ಕೂಡಿಸಿ 18 ಅಥವಾ ಕೆಳಗೆ ಬಂದರೆ ಎಚ್ಚರ. ಇಂದು ನಮ್ಮ ದೊಡ್ಡ ಖಾಸಗಿ ಆಸ್ಪತ್ರೆಗಳ ಫೈಲುಗಳಲ್ಲಿ ಇರುವ ಬ್ರೇಡನ್ ಫಾರ್ಮ್ ಇದೇ. ಅದನ್ನು ತುಂಬುವುದು ಸುಲಭ, ತುಂಬಿದ ಮೇಲೆ ಮಾಡಬೇಕಾದದ್ದು ಸುಲಭವಲ್ಲ.

ಎರಡು ಗಂಟೆಯೇ ಯಾಕೆ, ಅದು ವೇದವಾಕ್ಯವೇ ಎಂಬ ಆಕ್ಷೇಪಕ್ಕೆ ತಕ್ಕ ಬಲವಿದೆ. ಅಮೆರಿಕ ಮತ್ತು ಕೆನಡಾದ ವೃದ್ಧಾಶ್ರಮಗಳಲ್ಲಿ 942 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ತಿರುಗಿಸಿದವರ ನಡುವೆ ಹುಣ್ಣಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರಾತ್ರಿಯಿಡೀ ಎಬ್ಬಿಸುತ್ತಿದ್ದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟ ರೋಗಿ ಬೇಗ ಸುಧಾರಿಸುವುದಿಲ್ಲ ಎಂಬ ವಾದವೂ ಸರಿಯೇ. ಆದರೆ ಆ ಅಧ್ಯಯನದ ಸಣ್ಣಕ್ಷರವನ್ನೂ ಓದಬೇಕು. ಎಲ್ಲರೂ ಮಲಗಿದ್ದು ದಟ್ಟ ಫೋಮ್ ಹಾಸಿಗೆಗಳ ಮೇಲೆ. ತಿರುಗಿಸಿದ್ದನ್ನು ಪ್ರತಿ ಸಲವೂ ಬರೆದಿಡಲಾಗುತ್ತಿತ್ತು. ಚರ್ಮವನ್ನು ತಪ್ಪದೆ ನೋಡಲಾಗುತ್ತಿತ್ತು. ಅಂದರೆ ಒಳ್ಳೆಯ ಹಾಸಿಗೆಯೂ ಕರಾರುವಾಕ್ಕಾದ ಕೈಗಳೂ ಇದ್ದಲ್ಲಿ ಗಡಿಯಾರವನ್ನು ತುಸು ಸಡಿಲಿಸಬಹುದು. ನಮ್ಮ ಸಾರ್ವಜನಿಕ ವಾರ್ಡಿನ ಕುಗ್ಗಿದ ರೆಕ್ಸಿನ್ ಹಾಸಿಗೆಗೆ ಆ ರಿಯಾಯಿತಿ ಸಲ್ಲುವುದಿಲ್ಲ.

ನನ್ನ ವಾದದ ತಿರುಳು ಕೈಗಳ ಲೆಕ್ಕದಲ್ಲಿದೆ. ಒಂದು ವಾರ್ಡಿನಲ್ಲಿ ತಾನಾಗಿ ಹೊರಳಲಾಗದ ಹತ್ತು ರೋಗಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬರನ್ನು ಸರಿಯಾಗಿ ತಿರುಗಿಸಿ, ದಿಂಬು ಕೊಟ್ಟು, ಚರ್ಮ ನೋಡಿ, ಒದ್ದೆಯಾಗಿದ್ದರೆ ಒರೆಸಲು ಇಬ್ಬರಿಗೆ ಐದು ನಿಮಿಷ ಬೇಕು. ಹತ್ತು ಮಂದಿಗೆ ಐವತ್ತು ನಿಮಿಷ. ಪ್ರತಿ ಎರಡು ಗಂಟೆಯಲ್ಲೂ ಇಬ್ಬರ ಐವತ್ತು ನಿಮಿಷ ಇದಕ್ಕೇ ಹೋದರೆ ಸಲೈನ್, ಇಂಜೆಕ್ಷನ್, ಹೊಸ ಅಡ್ಮಿಷನ್ ನೋಡುವವರು ಯಾರು? ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಎಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಹೇಳುತ್ತದೆ. ಭಿವಂಡಿ, ಉಲ್ಲಾಸನಗರ, ಶಹಾಪುರಗಳಿಂದಲೂ ರೋಗಿಗಳು ಬಂದು ಸೇರುವ ಈ ಪ್ರದೇಶದಲ್ಲಿ ಅದು ಕಾಗದದ ಮಾತು. 2023ರ ಆಗಸ್ಟ್‌ನಲ್ಲಿ ಥಾಣೆ ಪಾಲಿಕೆಯ ಕಳ್ವಾ ಆಸ್ಪತ್ರೆಯಲ್ಲಿ ಒಂದೇ ದಿನದ ಅವಧಿಯಲ್ಲಿ 18 ರೋಗಿಗಳು ತೀರಿಕೊಂಡಾಗ ಜನದಟ್ಟಣೆಯ ಪ್ರಶ್ನೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ಆ ಸಾವುಗಳ ಕಾರಣ ಬೇರೆ ವಿಷಯ, ಅದನ್ನು ಹಾಸಿಗೆ ಹುಣ್ಣಿಗೆ ಜೋಡಿಸುವುದು ತಪ್ಪಾಗುತ್ತದೆ. ಹುಣ್ಣು ಮಾತ್ರ ಮುಖಪುಟಕ್ಕೆ ಎಂದೂ ಬರುವುದಿಲ್ಲ. ಅದು ರೋಗಿ ಮನೆಗೆ ಹೋದ ಮೇಲೆ, ಚಾದರದ ಅಡಿಯಲ್ಲಿ, ನಿಧಾನವಾಗಿ ಕೊಲ್ಲುತ್ತದೆ.

ಹೊಣೆಯನ್ನು ಆಸ್ಪತ್ರೆಗೆ ಕಟ್ಟುವ ಪ್ರಯತ್ನಗಳು ನಡೆದಿವೆ. ದಾಖಲಾದ ಮೇಲೆ ಆದ ಆಳದ ಹುಣ್ಣಿನ ಹೆಚ್ಚುವರಿ ಖರ್ಚನ್ನು ಆಸ್ಪತ್ರೆಗೆ ಕೊಡುವುದಿಲ್ಲ ಎಂದು ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2008ರ ಅಕ್ಟೋಬರ್‌ನಿಂದ ಕೈತೊಳೆದುಕೊಂಡಿತು. ನಮ್ಮಲ್ಲಿ ಗುಣಮಟ್ಟಕ್ಕಾಗಿ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಪಡೆದ ಆಸ್ಪತ್ರೆಗಳು ದಾಖಲಾದ ಬಳಿಕ ಆದ ಹುಣ್ಣುಗಳನ್ನು ಎಣಿಸಿ ಲೆಕ್ಕವಿಡಬೇಕು. ಒಳ್ಳೆಯದೇ. ಆದರೆ ಎಣಿಕೆಗೆ ದಂಡ ಸೇರಿಕೊಂಡಲ್ಲಿ ‘ಬರುವಾಗಲೇ ಇತ್ತು’ ಎಂಬ ಷರಾ ಹೆಚ್ಚುತ್ತದೆ. ಈ ಭಾಗದಲ್ಲಿ ಆ ಷರಾ ಬರೆಯಲು ಅವಕಾಶ ಧಾರಾಳವಾಗಿದೆ. ಡೊಂಬಿವಲಿಯ ಶಾಸ್ತ್ರಿನಗರ ಅಥವಾ ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗೆ ಬಂದ ಗಂಭೀರ ರೋಗಿಯನ್ನು ಕಳ್ವಾಕ್ಕೋ ಮುಂಬಯಿಯ ಸಾಯನ್, ಕೆಇಎಂಗಳಿಗೋ ‘ರೆಫರ್’ ಮಾಡುವುದು ಹೊಸತೇನಲ್ಲ. ಗಟ್ಟಿ ಸ್ಟ್ರೆಚರ್ ಮೇಲೆ, ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ, ಕ್ಯಾಜುವಾಲಿಟಿಯ ಸಾಲಿನಲ್ಲಿ ಕಳೆದ ಗಂಟೆಗಳನ್ನು ಯಾರೂ ಎಣಿಸುವುದಿಲ್ಲ, ಚರ್ಮದ ಕೆಳಗಿನ ಸ್ನಾಯು ಎಣಿಸುತ್ತದೆ. ಆ ಗಂಟೆಗಳ ಫಲ ಎರಡು-ಮೂರು ದಿನ ಬಿಟ್ಟು ಮೂರನೆಯ ಆಸ್ಪತ್ರೆಯಲ್ಲಿ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಪ್ರತಿ ಹಸ್ತಾಂತರದಲ್ಲೂ ರೋಗಿಯನ್ನು ಮಗ್ಗುಲು ತಿರುಗಿಸಿ ಬೆನ್ನು, ಹಿಮ್ಮಡಿ, ತಲೆಯ ಹಿಂಭಾಗ ನೋಡಿ, ಕಳಿಸಿದವರೂ ಪಡೆದವರೂ ಅದೇ ಕಾಗದಕ್ಕೆ ಸಹಿ ಹಾಕುವ ಪದ್ಧತಿ ಬೇಕು. ಇದಕ್ಕೆ ಹೊಸ ನೇಮಕಾತಿ ಬೇಡ, ಎರಡು ನಿಮಿಷ ಸಾಕು. ಸಿಬ್ಬಂದಿ ಇಲ್ಲ, ಏನೂ ಸಾಧ್ಯವಿಲ್ಲ ಎನ್ನುವವರಿಗೆ ನನ್ನ ಮೊದಲ ಉತ್ತರ ಇದು.

ಎರಡನೆಯ ಉತ್ತರ ರೋಗಿಯ ಪಕ್ಕದ ಸ್ಟೂಲಿನ ಮೇಲೇ ಕೂತಿರುತ್ತದೆ. ಸೊಸೆ, ಮಗ, ಊರಿಂದ ಬಂದ ತಂಗಿ. ಗುಟ್‌ಮನ್‌ನ ನಿಯಮ ಸಂಬಳದ ನರ್ಸುಗಳನ್ನು ನಂಬಿತ್ತು. ನಮ್ಮಲ್ಲಿ ಅದನ್ನು ನಡೆಸುವವರು ಸಂಬಂಧಿಕರು, ವಾರ್ಡ್‌ಬಾಯ್, ಮಾವಶಿ ಎಂದು ಕರೆಯುವ ಆಯಾ, ಮನೆಯಲ್ಲಾದರೆ ನರ್ಸಿಂಗ್ ಬ್ಯೂರೋದಿಂದ ಹನ್ನೆರಡು ಗಂಟೆಯ ಪಾಳಿಗೆ ಬರುವ ಹೆಂಗಸು. ಕೆಲಸ ಅವರಿಗೆ ವರ್ಗವಾಯಿತು, ವಿದ್ಯೆ ವರ್ಗವಾಗಲಿಲ್ಲ. ಅವರ ಕೈಗೆ ಬಂದದ್ದು ಹಳೆಯ ಕಾಲದ ಅರೆಬರೆ ಪಾಠ: ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ತಿಕ್ಕು, ಪೌಡರ್ ಉದುರಿಸು, ಗಾಳಿ ತುಂಬಿದ ರಿಂಗ್ ಮೇಲೆ ಕೂರಿಸು, ಕೈಗವಸಿಗೆ ನೀರು ತುಂಬಿ ಹಿಮ್ಮಡಿಯ ಅಡಿ ಇಡು. ಇಂದಿನ ಮಾರ್ಗಸೂಚಿಗಳು ಇವನ್ನೆಲ್ಲ ಬಿಡಿಸಿವೆ. ತಿಕ್ಕಿದರೆ ಒಳಗೆ ಆಗಲೇ ನೊಂದ ಸ್ನಾಯು ಇನ್ನಷ್ಟು ಹರಿಯುತ್ತದೆ, ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ರಿಂಗ್ ಸುತ್ತಲಿನ ರಕ್ತಸಂಚಾರವನ್ನೇ ಹಿಸುಕುತ್ತದೆ. ಬೇಕಾದ ವಿದ್ಯೆ ಕಷ್ಟದ್ದಲ್ಲ. ಒಂದು ಹಳೆ ಬೆಡ್‌ಶೀಟನ್ನು ಮಡಿಸಿ ಭುಜದಿಂದ ತೊಡೆಯವರೆಗೆ ರೋಗಿಯ ಅಡಿ ಹಾಸಿಟ್ಟರೆ ಇಬ್ಬರು ಆಚೀಚೆ ಹಿಡಿದು ಎತ್ತಬಹುದು. ಎಳೆಯುವುದು ಬೇಡ, ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಮೂಳೆ ಮಾತ್ರ ಜಾರುತ್ತದೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಗೆ ಬೀಳುತ್ತದೆ, ಅದಕ್ಕೇ ಬೆನ್ನಿನ ಹಿಂದೆ ದಿಂಬು ಕೊಟ್ಟು ಮೂವತ್ತು ಡಿಗ್ರಿ ಓರೆ ಮಾಡಿದರೆ ಸಾಕು. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ನೋಡಬೇಕು. ಡೊಂಬಿವಲಿಯ ಒಂದು ಕೋಣೆ-ಅಡುಗೆಮನೆಯ ಮನೆಗಳಲ್ಲಿ ಮಂಚ ಗೋಡೆಗೆ ತಾಗಿರುತ್ತದೆ. ಆಚೆ ಬದಿಗೆ ನಿಲ್ಲಲು ಜಾಗವಿಲ್ಲದಿದ್ದರೆ ಇಬ್ಬರಿದ್ದರೂ ಒಬ್ಬರೇ ಇದ್ದಂತೆ. ಮಂಚ ಒಂದಡಿ ಈಚೆಗೆ ಬಂದರೆ ಅರ್ಧ ಕೆಲಸವಾಯಿತು.

‘ಏರ್‌ಬೆಡ್ ತಂದಿದ್ದೇವಲ್ಲ’ ಎಂಬ ಸಮಾಧಾನ ಈಚಿನದು. ಹಲವು ಸಂಘಸಂಸ್ಥೆಗಳು ಡೆಪಾಸಿಟ್ ಇಟ್ಟುಕೊಂಡು ಕೊಡುತ್ತವೆ, ಔಷಧಿ ಅಂಗಡಿಗಳೂ ತರಿಸಿಕೊಡುತ್ತವೆ. ಒಳ್ಳೆಯ ಸಾಧನವೇ, ಆದರೆ ಮಗ್ಗುಲು ಬದಲಿಸುವುದಕ್ಕೆ ಬದಲಿಯಲ್ಲ. ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ಕೌದಿ, ಅದರ ಮೇಲೆ ಡೈಪರ್ ಕಟ್ಟಿದ ರೋಗಿ, ಇಷ್ಟಾದ ಮೇಲೆ ಗಾಳಿಯ ಉಪಕಾರ ಚರ್ಮಕ್ಕೆ ತಲುಪುವುದೇ ಇಲ್ಲ. ದುರಸ್ತಿಗೆಂದು ಕರೆಂಟ್ ತೆಗೆದ ದಿನ ಪಂಪು ನಿಂತಿರುತ್ತದೆ. ರೋಗಿಯ ಪೃಷ್ಠದ ನೇರಕ್ಕೆ ಏರ್‌ಬೆಡ್‌ನ ಅಡಿ ಅಂಗೈ ತೂರಿಸಿ ನೋಡಬೇಕು. ಮೂಳೆ ಕೈಗೆ ತಾಗಿದರೆ ಆತ ಮಂಚದ ಹಲಗೆಯ ಮೇಲೇ ಮಲಗಿದ್ದಾನೆ ಎಂದರ್ಥ.

ಇನ್ನೊಂದು ವಿಷಯ, ಪಠ್ಯಪುಸ್ತಕಗಳು ಬಹುಕಾಲ ಬಿಳಿಯರ ಚರ್ಮ ನೋಡಿ ಬರೆದವು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ, ಬಿಳಿಚದಿದ್ದರೆ ಮೊದಲ ಹಂತದ ಗಾಯ ಎನ್ನುತ್ತವೆ. ನಮ್ಮ ಕಪ್ಪು-ಕಂದು ಮೈಯಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಪಕ್ಕದ ಚರ್ಮಕ್ಕಿಂತ ಬಿಸಿಯೇ, ಗಟ್ಟಿಯೇ, ನೇರಳೆ ಛಾಯೆ ಇದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಕೈಯಿಂದ ನೋಡಬೇಕು. ಊಟದ ಕಥೆಯೂ ಹಾಗೆಯೇ. ಗಂಜಿ, ಸಾಬೂದಾನ, ಎಳನೀರು ರೋಗಿಯ ಆಹಾರ ಎಂಬ ನಂಬಿಕೆಯಲ್ಲಿ ಪ್ರೋಟೀನಿಗೆ ಜಾಗವಿಲ್ಲ. ಮೂತ್ರಪಿಂಡದ ತೊಂದರೆಯಂಥ ತಡೆಯಿಲ್ಲದಿದ್ದರೆ, ಹುಣ್ಣಿನ ಅಪಾಯವಿದ್ದು ಸೊರಗಿದ 50 ಕೆ.ಜಿ. ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ.

ಎಲ್ಲ ಹುಣ್ಣನ್ನೂ ತಡೆಯಬಹುದೇ? ಇಲ್ಲ. ನೈಟಿಂಗೇಲ್ ಕಡೆ ನಿಂತವನೂ ಇದನ್ನು ಒಪ್ಪಬೇಕು. ಅಂತ್ಯ ಹತ್ತಿರವಾದಾಗ ಹೃದಯ, ಮೂತ್ರಪಿಂಡಗಳಂತೆ ಚರ್ಮವೂ ಸೋಲುತ್ತದೆ. ರಕ್ತದೊತ್ತಡ ಕುಸಿದ ಐಸಿಯು ರೋಗಿಯನ್ನು ಕೆಲವು ಸಲ ಅಲುಗಿಸಲೂ ಆಗದು. ಬೆನ್ನುಹುರಿಗೆ ಪೆಟ್ಟಾಗಿದ್ದ, ಆದರೆ ಹಣಕ್ಕೂ ಆರೈಕೆಗೂ ಕೊರತೆಯಿಲ್ಲದ ನಟ ಕ್ರಿಸ್ಟೋಫರ್ ರೀವ್ 2004ರಲ್ಲಿ ತೀರಿಕೊಂಡಾಗ ಸೋಂಕು ತಗುಲಿದ ಹಾಸಿಗೆ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದರು. ತಜ್ಞರ ಈಗಿನ ಒಮ್ಮತ, ಹೆಚ್ಚಿನವನ್ನು ತಡೆಯಬಹುದು, ಎಲ್ಲವನ್ನೂ ಅಲ್ಲ ಎಂಬುದು. ತಡೆಯಲಾಗದ್ದು ಯಾವುದು ಎಂದು ಹೇಳುವ ಹಕ್ಕು ಮಾತ್ರ ತಿರುಗಿಸಿದ್ದಕ್ಕೆ, ನೋಡಿದ್ದಕ್ಕೆ, ತಿನ್ನಿಸಿದ್ದಕ್ಕೆ ದಾಖಲೆ ಇರುವವರಿಗೆ ಸೇರಿದ್ದು.

ಈಗ ಆಗಬೇಕಾದದ್ದು ಡಿಸ್ಚಾರ್ಜ್ ದಿನದ ಕೆಲಸ. ಕಾರ್ಡಿನಲ್ಲಿ ಮಾತ್ರೆಗಳ ಪಟ್ಟಿ, ಮುಂದಿನ ಭೇಟಿಯ ತಾರೀಖು ಇರುತ್ತದೆ. ಹಾಸಿಗೆ ಹಿಡಿದವರ ಕಾರ್ಡಿನಲ್ಲಿ ಮಗ್ಗುಲಿನ ವೇಳಾಪಟ್ಟಿಯೂ ಇರಬೇಕು. ಅದು ಮರಾಠಿ, ಹಿಂದಿಯಲ್ಲಿರಲಿ, ಕನ್ನಡದ ಮನೆಗಳಿಗೆ ಕನ್ನಡದಲ್ಲಿ ಮಾಡಿಕೊಡುವುದು ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳಿಗೆ ಒಂದು ಮಧ್ಯಾಹ್ನದ ಕೆಲಸ. ಮನೆಯವರು ಸಿಸ್ಟರ್ ಎದುರಿಗೇ ಎರಡು ಸಲ ತಿರುಗಿಸಿ ತೋರಿಸದೆ ರೋಗಿ ವಾರ್ಡ್ ಬಿಡಬಾರದು. ಮನೆಯಾರೈಕೆಯ ಸಹಾಯಕರಿಗೆ ಸರ್ಕಾರದ ಕೌಶಲ್ಯ ಯೋಜನೆಯಡಿ ತರಬೇತಿ ಕೋರ್ಸುಗಳಿವೆ, ಆದರೆ ಅದನ್ನು ಮುಗಿಸಿದವರನ್ನೇ ಕಳಿಸಿ ಎಂದು ಬ್ಯೂರೋಗಳನ್ನು ಒತ್ತಾಯಿಸುವವರಿಲ್ಲ. ಬ್ಯೂರೋಗೆ ಫೋನ್ ಮಾಡಿದಾಗ ದಿನಕ್ಕೆ ಎಷ್ಟು, ಊಟ ಯಾರದು, ಭಾನುವಾರ ಬರುತ್ತಾರಾ ಎಂದು ಕೇಳುತ್ತೇವೆ. ರಾತ್ರಿ ಎಂಟಕ್ಕೆ ಪಾಳಿ ಬದಲಾಗುವಾಗ ರೋಗಿ ಯಾವ ಮಗ್ಗುಲಲ್ಲಿ, ಎಷ್ಟು ಹೊತ್ತಿನಿಂದ ಮಲಗಿದ್ದಾರೆ ಎಂದು ಹೋಗುವವರು ಬರುವವರಿಗೆ ಬರೆದುಕೊಡುತ್ತಾರೆಯೇ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಬಹುದು.